ಹಲಗೆಯ ನಡುವೆ ನಿಂತ ಅಪ್ಪ

ನಾನು ಚಿಕ್ಕವನಿದ್ದಾಗ ಅಪ್ಪನ ಕುತ್ತಿಗೆಯ ಹಿಂಭಾಗ ಎತ್ತಿನ ಹೆಗಲಿನ ಹಾಗಿತ್ತು. ಅಲ್ಲಿಯ ಚರ್ಮ ದಪ್ಪವಾಗಿ, ಒರಟಾಗಿ, ಹಳೆಯ ಚಪ್ಪಲಿಯ ಅಟ್ಟೆಯಷ್ಟು ಗಟ್ಟಿಯಾಗಿತ್ತು. ನಾನು ಉಗುರಿನಿಂದ ಕೆರೆದರೂ ಅಪ್ಪನಿಗೆ ಗೊತ್ತಾಗುತ್ತಿರಲಿಲ್ಲ. ಅಪ್ಪ ಯಾದಗಿರಿಯ ಗಂಜಿನಲ್ಲಿ ಹಮಾಲನಾಗಿದ್ದ. ಗಂಜು ಅಂದರೆ ಸುತ್ತಲಿನ ಹಳ್ಳಿಗಳ ಜೋಳ, ತೊಗರಿ, ಶೇಂಗಾ ಎಲ್ಲ ಮಾರಾಟಕ್ಕೆ ಬಂದು ಬೀಳುವ ದೊಡ್ಡ ಅಂಗಳ. ಕ್ವಿಂಟಲ್ ತೂಕದ ಜೋಳದ ಚೀಲವನ್ನು ಬೆನ್ನ ಮೇಲೆ ಹೊತ್ತು, ನೆಲದಿಂದ ಲಾರಿಗೆ ಆನಿಸಿಟ್ಟ ಉದ್ದನೆಯ ಹಲಗೆಯನ್ನು ಹತ್ತಿ, ಲಾರಿಯೊಳಗೆ ಚೀಲ ಕೆಡವಿ ಇಳಿದು ಬರುವುದು ಅಪ್ಪನ ಕೆಲಸ. ಸಂಜೆ ಮನೆಗೆ ಬಂದ ಮೇಲೂ ಅವನ ಒಂದು ತೋಳಿಗೆ ನಾನು, ಇನ್ನೊಂದು ತೋಳಿಗೆ ಅಕ್ಕ ಜೋತುಬೀಳುತ್ತಿದ್ದೆವು. ಅಪ್ಪ ಇಬ್ಬರನ್ನೂ ಎತ್ತಿಕೊಂಡು ಅಂಗಳ ಸುತ್ತುತ್ತಿದ್ದ. ಅವನ ಮೈಯಿಂದ ಗೋಣಿಯ ವಾಸನೆ ಬರುತ್ತಿತ್ತು.

ಅಪ್ಪ ಹುಟ್ಟುವಾಗಲೇ ಹಾಗಿದ್ದ ಎಂದು ನಾನು ತಿಳಿದಿದ್ದೆ. ಹಾಗಿರಲಿಲ್ಲ. ಗಂಜಿನ ಹಮಾಲರ ಟೋಳಿಗೆ, ಅಂದರೆ ಗುಂಪಿಗೆ, ಒಬ್ಬ ಮುಖ್ಯಸ್ಥರಿದ್ದರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ಬಿಳಿ ಗಡ್ಡ, ಹೆಗಲ ಮೇಲೆ ಕೆಂಪು ಚೌಕಳಿಯ ವಸ್ತ್ರ, ಮನೆಯಲ್ಲಿ ದಖ್ಖನಿ ಉರ್ದು, ಗಂಜಿನಲ್ಲಿ ನಮ್ಮದೇ ಕನ್ನಡ. ಹೊಸದಾಗಿ ಸೇರಿದ ಹುಡುಗರ ಬೆನ್ನಿಗೆ ಚಾಚಾ ಮೊದಲು ತೊಗರಿ ಹೊಟ್ಟಿನ ಚೀಲ ಹೊರಿಸುತ್ತಿದ್ದರು. ಅದು ನೋಡಲು ಆನೆಯಷ್ಟು, ತೂಕದಲ್ಲಿ ಆಡಿನಷ್ಟು. ಅದು ರೂಢಿಯಾದ ಮೇಲೆ ಶೇಂಗಾ, ಆಮೇಲೆ ತೊಗರಿ. ಎಲ್ಲದರ ಕೊನೆಗೆ ಜೋಳ. ಎಷ್ಟೇ ಉಬ್ಬಿದ ಎದೆಯ ಹುಡುಗ ಬಂದರೂ ಈ ಸರದಿ ತಪ್ಪುತ್ತಿರಲಿಲ್ಲ.

ಇದರ ಹಿಂದಿನ ಕಾರಣ ನನಗೆ ತಿಳಿದದ್ದು ಕಲಬುರ್ಗಿಯ ಕಾಲೇಜಿನಲ್ಲಿ ವಿಜ್ಞಾನ ಓದುವಾಗ. ಮಕ್ಕಳೇ, ನಿಮಗೂ ಹೇಳಿಬಿಡುತ್ತೇನೆ. ಭಾರ ಎತ್ತಲು ಶುರುಮಾಡಿದ ಮೊದಲ ಕೆಲವು ವಾರಗಳಲ್ಲಿ ತೋಳು ದಪ್ಪವಾಗುವುದಿಲ್ಲ, ಆದರೆ ಶಕ್ತಿ ಹೆಚ್ಚುತ್ತದೆ. ಮದುವೆ ಮನೆಯಲ್ಲಿ ಮಂದಿ ಬೇಕಾದಷ್ಟಿದ್ದರೂ ಪಾತ್ರೆ ಇಳಿಸಲು ಇಬ್ಬರೇ ಏಳುತ್ತಾರಲ್ಲ, ನಮ್ಮ ಸ್ನಾಯುವಿನ ಎಳೆಗಳೂ ಮೊದಲಿಗೆ ಹಾಗೆಯೇ. ಮಿದುಳು ಕರೆದು ಕರೆದು ರೂಢಿಯಾದ ಮೇಲೆ ಹೆಚ್ಚು ಎಳೆಗಳು ಒಟ್ಟಿಗೆ ಏಳುತ್ತವೆ. ಆಮೇಲೆ ಸ್ನಾಯು ದಪ್ಪವಾಗುತ್ತದೆ. ಅದೂ ಚೀಲ ಹೊರುವಾಗ ಅಲ್ಲ, ಹೊತ್ತು ಬಂದು ಉಂಡು ಮಲಗಿದಾಗ. ಎಲುಬೂ ಗಟ್ಟಿಯಾಗುತ್ತದೆ. ಎಲ್ಲಕ್ಕಿಂತ ತಡವಾಗಿ ಗಟ್ಟಿಯಾಗುವುದು ಸ್ನಾಯುವನ್ನು ಎಲುಬಿಗೆ ಕಟ್ಟಿರುವ ಹುರಿಗಳು. ಅವುಗಳಿಗೆ ರಕ್ತ ಹೋಗುವುದು ಕಡಿಮೆ. ಸ್ನಾಯು ‘ನಾನು ಸಿದ್ಧ’ ಎಂದಾಗಲೂ ಹುರಿ ‘ತಡಿ’ ಎನ್ನುತ್ತಿರುತ್ತದೆ. ಚಾಚಾ ಹೊಟ್ಟಿನ ಚೀಲ ಹೊರಿಸಿ ಕಾಯಿಸುತ್ತಿದ್ದದ್ದು ಈ ಹುರಿಗಳಿಗಾಗಿ.

ಒಂದು ವರ್ಷ ಚಳಿಗಾಲದಲ್ಲಿ ಅಪ್ಪನಿಗೆ ವಿಷಮಶೀತ ಜ್ವರ ಬಂತು. ಬಹಳ ದಿನ ಹಾಸಿಗೆ ಹಿಡಿದ. ಅವ್ವ ಗಂಜಿ ಕುಡಿಸುತ್ತಿದ್ದಳು, ನೀರಲ್ಲದ್ದಿದ ಬಟ್ಟೆಯನ್ನು ಹಣೆಗೆ ಹಾಕುತ್ತಿದ್ದಳು. ಜ್ವರ ಬಿಟ್ಟ ದಿನ ಅಪ್ಪ ಗೋಡೆ ಹಿಡಿದು ಎದ್ದು ನಿಂತಾಗ ಅವನ ಮೀನಖಂಡಗಳು ಒಳಗೆ ಹೋಗಿ, ಕಾಲುಗಳು ಬೇರೆಯವರವೇನೋ ಎಂಬಂತೆ ಕಂಡವು. ಕುತ್ತಿಗೆಯ ಹಿಂದಿನ ಗಟ್ಟಿ ಚರ್ಮ ಉಳ್ಳಾಗಡ್ಡಿ ಸಿಪ್ಪೆಯ ಹಾಗೆ ಸುಲಿದು ಬಂದು, ಕೆಳಗೆ ಎಳೆಯ ಚರ್ಮ ಕೆಂಪಗಿತ್ತು. ನಾನು ಮುಟ್ಟಿದರೆ ಅಪ್ಪನಿಗೆ ಕಚಗುಳಿಯಾಗುತ್ತಿತ್ತು. ನನಗೆ ಅದು ಮೋಜು. ಅಪ್ಪ ಮಾತ್ರ ನಗುತ್ತಿರಲಿಲ್ಲ.

ಜಡ್ಡಿನಿಂದ ಎದ್ದು ಬಂದ ಹಮಾಲನಿಗೆ ಗಂಜಿನಲ್ಲಿ ಒಂದು ಪದ್ಧತಿಯಿತ್ತು. ಅವನು ಎಷ್ಟೇ ಹಳಬನಾಗಿದ್ದರೂ ಮತ್ತೆ ಹೊಟ್ಟಿನ ಚೀಲದಿಂದಲೇ ಶುರುಮಾಡಬೇಕು. ಪೂರ್ತಿ ಜೋಳದ ಚೀಲ ಹೊರುವವರೆಗೆ ಅವನನ್ನು ‘ಬಾಣಂತಿ’ ಎಂದು ಕರೆಯುತ್ತಿದ್ದರು. ಮೊದಲ ದಿನ ಕಿವಿ ಮುಚ್ಚುವಂತೆ ತಲೆಗೆ ವಸ್ತ್ರ ಕಟ್ಟಿ, ಬೆಲ್ಲದ ಚೂರು ತಿನ್ನಿಸಿ ಒಳಗೆ ಕರೆದುಕೊಳ್ಳುತ್ತಿದ್ದರು. ಹೆರಿಗೆಯಾದವಳಿಗೆ ಯಾರೂ ಕೊಡ ಹೊರಿಸುವುದಿಲ್ಲವಲ್ಲ, ಇವನಿಗೂ ಹಾಗೆಯೇ ಎಂಬುದು ಅದರ ಅರ್ಥ.

“ಬಾಣಂತಿ ಬಂದಾಳ, ದಾರಿ ಬಿಡ್ರೆಪ್ಪಾ,” ಎಂದು ಒಬ್ಬ ಕೂಗಿದರೆ, “ಕಿವಿ ಸರಿ ಕಟ್ಟ್ರಿ, ಗಾಳಿ ಹೊಕ್ಕೀತು,” ಎಂದು ಇನ್ನೊಬ್ಬ.

“ಕೂಸೆಲ್ಲಿ ಅದ?”

“ಅಕಿ ಬೆನ್ನ ಮ್ಯಾಲೆ ನೋಡು. ಹೊಟ್ಟಿನ ಚೀಲಾನ ಕೂಸು.”

ಮೊದಲ ವಾರ ಅಪ್ಪನೂ ಅವರ ಜೊತೆ ನಕ್ಕ. ಆಮೇಲೆ ನಗು ನಿಂತಿತು. ಟೋಳಿಯ ಕೂಲಿಯನ್ನು ಎಲ್ಲರೂ ಸಮ ಹಂಚಿಕೊಳ್ಳುತ್ತಿದ್ದರು. ಹಗುರ ಹೊತ್ತು ಭಾರ ಹೊತ್ತವರಷ್ಟೇ ಪಾಲು ತರುವುದು ಅಪ್ಪನಿಗೆ ಗಂಟಲಲ್ಲಿ ಇಳಿಯಲಿಲ್ಲ. ಒಂದು ರಾತ್ರಿ ಊಟಕ್ಕೆ ಕೂತಾಗ ಅದನ್ನು ಹೇಳಿಕೊಂಡ. ಅವ್ವ ರೊಟ್ಟಿ ಬಡಿಯುತ್ತಲೇ, “ನಾ ಎರಡ ಸಲ ಬಾಣಂತಿ ಆಗೀನಿ. ನಿಮಗ ಒಂದ ಸಲಕ್ಕ ಇಷ್ಟು ನಾಚಿಕಿ ಬಂತೇನ್ರಿ?” ಎಂದಳು. ಅಕ್ಕ ನಕ್ಕಳು. ಅಪ್ಪ ತಟ್ಟೆ ಸರಿಸಿ ಎದ್ದುಹೋದ.

ನಾನು ಹೇಳಬೇಕೆಂದಿರುವ ದಿನ ಬಂದದ್ದು ಹೋಳಿ ಹುಣ್ಣಿಮೆ ಮುಗಿದ ಮೇಲೆ. ಬಿಸಿಲು ಆಗಲೇ ನೆತ್ತಿ ಸುಡುತ್ತಿತ್ತು. ನನಗೆ ಆಗ ಏಳೋ ಎಂಟೋ ವರ್ಷ, ಅಕ್ಕನಿಗೆ ಹನ್ನೆರಡು ಇರಬೇಕು. ಮಧ್ಯಾಹ್ನದ ಬುತ್ತಿ ತಲೆಯ ಮೇಲಿಟ್ಟುಕೊಂಡು ಅಕ್ಕ ಮುಂದೆ, ಕಾದ ನೆಲಕ್ಕೆ ಕುಣಿಯುತ್ತ ನಾನು ಹಿಂದೆ. ಗಂಜಿನಲ್ಲಿ ಧೂಳು, ಮೈ ತುರಿಸುವ ಜೋಳದ ಸುಂಕು, ಎತ್ತುಗಳ ಗಂಜಲದ ವಾಸನೆ. ಗುರುಮಠಕಲ್ ಕಡೆ ಹೋಗುವ ಲಾರಿಯೊಂದು ಅರ್ಧ ತುಂಬಿ ನಿಂತಿತ್ತು. ಟೋಳಿಯ ಇಬ್ಬರು ರಾಮಸಮುದ್ರಕ್ಕೆ ಮದುವೆಗೆ ಹೋಗಿದ್ದರು. ಆ ಹೊತ್ತಿಗೆ ಹಗುರ ಚೀಲ ಒಂದೂ ಉಳಿದಿರಲಿಲ್ಲ. ಬರೀ ಜೋಳ. ಅಪ್ಪ ಕೆಲಸವಿಲ್ಲದೆ ನಿಂತಿದ್ದ. ಲಾರಿಯ ಡ್ರೈವರ್ ಗಡಿಬಿಡಿ ಮಾಡುತ್ತಿದ್ದ.

“ಒಂದ ಚೀಲ ನೋಡ್ತೀನಿ ಚಾಚಾ,” ಎಂದ ಅಪ್ಪ.

“ಬ್ಯಾಡೋ. ನಿನ್ನ ಮನಸ್ಸು ಒಪ್ಪಿದ್ರ ಆಗಂಗಿಲ್ಲ. ಮೈ ಒಪ್ಪಬೇಕು.”

“ಮೈನೂ ಒಪ್ಪೇದ. ಎಷ್ಟಂತ ಬಾಣಂತನಾ ಮಾಡಿಸ್ಕೊಳ್ಳಲಿ?”

ಚಾಚಾ ಬಗ್ಗಿ ಅಪ್ಪನ ಮೀನಖಂಡ ಒತ್ತಿ ನೋಡಿದರು. “ಹೋಗು. ಆದ್ರ ಕಾಲು ನಡುಗಿತಂದ್ರ ಚೀಲ ಒಗದ್ ಬಿಡು. ಚೆಲ್ಲಿದ ಜ್ವಾಳ ಆರಿಸಬಹುದು. ನಿನ್ನ ಆರಿಸಾಕ ಬರಂಗಿಲ್ಲ.”

ನಾನು ಈ ಮಾತು ಕೇಳಿಸಿಕೊಂಡೆ, ಆದರೆ ನನ್ನ ಕಣ್ಣು ಬೇರೆ ಕಡೆ ಇತ್ತು. ಬೆಳಿಗ್ಗೆ ಅದೇ ಜಾಗದಲ್ಲಿ ಶೇಂಗಾ ಚೀಲಗಳನ್ನು ಏರಿಸಿದ್ದರು. ಹಲಗೆಯ ಕೆಳಗೆ ಕಾಳು ಚೆಲ್ಲಿತ್ತು. ಗಂಜಿಗೆ ಬರುತ್ತಿದ್ದ ಮಕ್ಕಳೆಲ್ಲ ಹಲಗೆಯ ಕೆಳಗೆ ಹೊಕ್ಕು ಶೇಂಗಾ ಆರಿಸುತ್ತಿದ್ದರು. ಯಾರೂ ಬೈಯುತ್ತಿರಲಿಲ್ಲ, ಕೋಳಿಗಳು ಓಡಾಡಿದಷ್ಟೇ ಸಹಜ ಅದು. ನಾನೂ ನೆರಳು ಸಿಕ್ಕಿತೆಂದು ಹೊಕ್ಕೆ. ಮಂಡಿಯೂರಿ, ಹಲಗೆಯ ನಡುಭಾಗದವರೆಗೆ ಸರಿದು, ಅಂಗಿಯ ಮಡಿಲಲ್ಲಿ ಶೇಂಗಾ ತುಂಬಿಕೊಳ್ಳತೊಡಗಿದೆ.

ತಲೆಯ ಮೇಲೆ ಹಲಗೆ ಕಿರ್ರೆಂದಿತು. ಅಪ್ಪ ಏರುತ್ತಿದ್ದಾನೆಂದು ತಿಳಿಯಿತು. ಭಾರ ಬಿದ್ದಾಗ ಹಲಗೆ ನಡುವೆ ಬಾಗುತ್ತದೆ, ಹೆಜ್ಜೆ ಎತ್ತಿದಾಗ ಮೇಲಕ್ಕೆ ಪುಟಿಯುತ್ತದೆ. ಹಳೆಯ ಹಮಾಲರು ಆ ಪುಟಿತಕ್ಕೆ ಹೊಂದಿಸಿ ಹೆಜ್ಜೆ ಹಾಕುತ್ತಾರೆ. ಅಪ್ಪನ ಕಾಲಿಗೆ ಅದು ಉಸಿರಾಟದಷ್ಟು ರೂಢಿಯಾಗಿತ್ತು. ಹೆಜ್ಜೆ ಮರೆತಿರಲಿಲ್ಲ, ಹೆಜ್ಜೆಯನ್ನು ಹಿಡಿದು ನಿಲ್ಲಿಸುವ ಬಲ ಕಡಿಮೆಯಾಗಿತ್ತು. ನಡುವೆ ಬಂದಾಗ ಹಲಗೆ ಪುಟಿಯಿತು, ಅಪ್ಪನ ಮಂಡಿ ಕುಸಿಯಿತು, ಹಲಗೆ ಮತ್ತೆ ಕೆಳಗಿಳಿಯಿತು. ಅಲ್ಲೇ ನಿಂತುಬಿಟ್ಟ. ಮುಂದೆ ಹೋಗಲಾರ, ಹಿಂದೆ ಬರಲಾರ.

ಕೆಳಗಿನಿಂದ ನನಗೆ ಕಂಡದ್ದು ಹಲಗೆಯ ಅಂಚನ್ನು ಕಚ್ಚಿ ಹಿಡಿದ ಅವನ ಕಾಲ್ಬೆರಳುಗಳು. ಉಗುರುಗಳು ಬೆಳ್ಳಗಾಗಿದ್ದವು. ಹಲಗೆ ನಡುಗಿ ಸಂದಿಯಿಂದ ಧೂಳು ನನ್ನ ತಲೆಯ ಮೇಲೆ ಉದುರುತ್ತಿತ್ತು. ಬೆವರಿನ ಹನಿಯೊಂದು ನನ್ನ ಕೈಯ ಮೇಲೆ ಬಿತ್ತು. ಅದು ಬಿಸಿಯಾಗಿತ್ತು. ನಾನು ಇನ್ನೊಂದು ಶೇಂಗಾಕ್ಕೆ ಕೈ ಚಾಚಿದೆ.

ಆ ಹೊತ್ತಿನಲ್ಲಿ ಮೇಲೆ ಏನಾಗುತ್ತಿತ್ತೆಂದು ಅಕ್ಕ ನನಗೆ ಆಮೇಲೆ ಎಷ್ಟೋ ಸಲ ಹೇಳಿದ್ದಾಳೆ. ಹಲಗೆಯ ಬಲಗಡೆ ಎತ್ತಿನ ಗಾಡಿಯೊಂದು ಒತ್ತಿಕೊಂಡು ನಿಂತಿತ್ತು, ಎತ್ತುಗಳು ನೊಗದಲ್ಲೇ ಇದ್ದವು. ಆ ಕಡೆ ಚೀಲ ಎಸೆದರೆ ಎತ್ತುಗಳು ಬೆದರಿ, ಗಾಡಿ ಹಲಗೆಯನ್ನೇ ಎಳೆದುಕೊಂಡು ಹೋಗುತ್ತಿತ್ತು. ತೆರವಿದ್ದದ್ದು ಎಡಗಡೆ ಮಾತ್ರ. ಆ ಎಡಗಡೆಯಲ್ಲಿ ಹಲಗೆಯ ಕೆಳಗಿನಿಂದ ನನ್ನ ತಲೆ ಮತ್ತು ಕೈ ಹೊರಗೆ ಬಂದಿದ್ದವು. ಚೀಲ ಹೊತ್ತವನು ಬಗ್ಗಿರುತ್ತಾನೆ, ಅವನ ಕಣ್ಣಿಗೆ ಬೀಳುವುದು ನೆಲ ಒಂದೇ. ಅಪ್ಪ ನನ್ನನ್ನು ನೋಡಿದ್ದ. ಗಾಡಿಯ ಆಚೆ ನಿಂತಿದ್ದವರಿಗೆ ನಾನು ಕಾಣುತ್ತಿರಲಿಲ್ಲ.

“ಒಗಿ,” ಎಂದರು ಚಾಚಾ. ಅಪ್ಪ ಎಸೆಯಲಿಲ್ಲ.

“ಒಗಿಯೋ. ಈ ಕಡಿ ಬ್ಯಾಡ, ಎಡಕ್ಕ ಒಗಿ.”

ಅಪ್ಪ ಅಲುಗಾಡಲಿಲ್ಲ. “ನಾಚಿಕಿ ಬಂದದೇನು ಬಾಣಂತಿಗಿ,” ಎಂದು ಯಾರೋ ಅಂದರು. ಒಬ್ಬಿಬ್ಬರು ನಕ್ಕರು. ಹಟ ಹಿಡಿದಿದ್ದಾನೆ ಎಂದೇ ಎಲ್ಲರೂ ತಿಳಿದರು.

ಅಪ್ಪ ನನ್ನ ಹೆಸರು ಕೂಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಬಹಳ ವರ್ಷ ಹಾಗೆಯೇ ಕೇಳಿಕೊಂಡೆ. ಭಾರ ಹೊತ್ತಾಗ ಮನುಷ್ಯ ಉಸಿರು ಕಟ್ಟಿ ಹೊಟ್ಟೆಯನ್ನು ಬಿಗಿಯುತ್ತಾನೆ. ಆ ಬಿಗಿತವೇ ಬೆನ್ನೆಲುಬಿಗೆ ಒಳಗಿನಿಂದ ಊರುಗೋಲು. ಒಂದು ಮಾತಾಡಲು ಉಸಿರು ಬಿಟ್ಟರೆ ಊರುಗೋಲು ಜಾರಿದ ಹಾಗೆ. ಅಪ್ಪನಲ್ಲಿ ಉಳಿದಿದ್ದದ್ದು ಅದೊಂದೇ ಬಲ. ಕೂಗಿದ್ದರೆ ಚೀಲದೊಡನೆ ಅಪ್ಪನೂ ನನ್ನ ಮೇಲೆಯೇ ಬರುತ್ತಿದ್ದ.

ಹಲಗೆಯ ಬುಡದ ಪಕ್ಕದಲ್ಲಿ ನಿಂತಿದ್ದ ಅಕ್ಕ ಎಲ್ಲರ ಹಾಗೆ ಚೀಲವನ್ನು ನೋಡಲಿಲ್ಲ. ಅಪ್ಪನ ಕಣ್ಣು ನೋಡಿದಳು. ಆ ಕಣ್ಣುಗಳು ಒಂದೇ ಕಡೆ ನೆಟ್ಟಿದ್ದವು, ರೆಪ್ಪೆಯನ್ನೂ ಬಡಿಯದೆ. ಅವು ನೋಡುತ್ತಿದ್ದ ಕಡೆ ಅವಳೂ ನೋಡಿದಳು. ಬುತ್ತಿಯನ್ನು ಅಲ್ಲೇ ಬಿಟ್ಟಳು. ರೊಟ್ಟಿಯ ಗಂಟು ನೆಲಕ್ಕೆ ಬಿದ್ದ ಸದ್ದು ನನಗೆ ಕೇಳಿಸಿತು, ಆಮೇಲೆ ಯಾರೋ ನನ್ನ ಕಾಲು ಹಿಡಿದರು. ಹೊಟ್ಟೆಯ ಮೇಲೆ ನೆಲ ಉಜ್ಜಿಕೊಂಡು ನಾನು ಹಿಂದಕ್ಕೆ ಹೋದೆ. ಶೇಂಗಾ ಎಲ್ಲ ಚೆಲ್ಲಿತು. ಅಳಲು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ತಲೆ ಇದ್ದ ಜಾಗಕ್ಕೆ ಚೀಲ ಬಂದು ಬಿತ್ತು.

ಆ ಸದ್ದು ದೊಡ್ಡದಲ್ಲ. ದಪ್ಪನೆಯ, ಮಂದವಾದ ಸದ್ದು. ಗೋಣಿಯ ಹೊಲಿಗೆ ಬಿಚ್ಚಿ ಜೋಳ ನೀರಿನ ಹಾಗೆ ಹರಿದು ನನ್ನ ಪಾದದವರೆಗೆ ಬಂತು. ಇವತ್ತಿಗೂ ನನಗೆ ಕೆಲವು ಸಲ ಎಚ್ಚರವಿರುವಾಗಲೇ ಆ ಸದ್ದು ಕೇಳಿಸುತ್ತದೆ. ಕೇಳಿಸಿದಾಗ ನಾನು ಲೆಕ್ಕ ಹಾಕುತ್ತೇನೆ: ಅಕ್ಕ ಒಂದು ಹೆಜ್ಜೆ ದೂರವಿದ್ದಿದ್ದರೆ? ಅಪ್ಪನ ಉಸಿರು ಇನ್ನಿಷ್ಟು ಬೇಗ ಮುಗಿದಿದ್ದರೆ? ಉತ್ತರ ಯಾವಾಗಲೂ ಒಂದೇ ಬರುತ್ತದೆ, ಆದರೂ ಮತ್ತೆ ಹಾಕುತ್ತೇನೆ.

ಅಪ್ಪ ಹಲಗೆಯ ಮೇಲೆ ಕುಸಿದು ಕೂತ. ನಿಲ್ಲಲಾಗದೆ, ಮಕ್ಕಳು ಜಾರುಬಂಡಿ ಇಳಿಯುವ ಹಾಗೆ ಕೂತುಕೊಂಡೇ ಕೆಳಗೆ ಬಂದ. ಅಕ್ಕ ನನ್ನ ಬೆನ್ನಿಗೆ ಎರಡೇಟು ಕೊಟ್ಟು, ಆಮೇಲೆ ತಾನೇ ಅಳತೊಡಗಿದಳು.

“ಹೊಡೀಬ್ಯಾಡವ್ವಾ,” ಎಂದ ಅಪ್ಪ. ದನಿ ಗಾಳಿಯಷ್ಟು ತೆಳ್ಳಗಿತ್ತು. “ಅವಗೇನ್ ಗೊತ್ತು.”

ಚಾಚಾ ಗಾಡಿ ಸುತ್ತಿ ಬಂದರು. ಚೀಲ ನೋಡಿದರು, ನನ್ನನ್ನು ನೋಡಿದರು, ನೆಲದ ಮೇಲೆ ನಾನು ಉಜ್ಜಿಕೊಂಡು ಹೋದ ಗುರುತು ನೋಡಿದರು. “ನಾ ಹಟಾ ಅನ್ಕೊಂಡಿದ್ದೆ,” ಎಂದರು. ಆಗ ಡ್ರೈವರ್ ಬಂದು ಹೊತ್ತಾಯಿತೆಂದು ಗೊಣಗಿದ. “ಒಂದ ಚಹಾ ಕುಡದ್ ಬಾರಪ್ಪಾ,” ಎಂದು ಚಾಚಾ ಮೆಲ್ಲಗೆ ಹೇಳಿದರು. ಅವನು ಚಹಾದಂಗಡಿ ಕಡೆ ಹೋದ. ನಕ್ಕವರು ಕೂತು ಜೋಳ ಬಳಿಯತೊಡಗಿದರು. ಕಸ ಹೊಡೆಯುವ ಹೆಂಗಸೊಬ್ಬಳು ತನ್ನ ಬುತ್ತಿಯ ರೊಟ್ಟಿ ಮುರಿದು ನಮ್ಮಿಬ್ಬರ ಕೈಗೆ ಕೊಟ್ಟಳು. ಪುಂಡಿ ಸೊಪ್ಪಿನ ಪಲ್ಯದ ಹುಳಿ, ಬಾಯಲ್ಲಿದ್ದ ಧೂಳು ಎರಡೂ ಸೇರಿದ ಆ ರುಚಿ ನನಗೆ ನೆನಪಿದೆ.

ಇಷ್ಟು ಸೋತ ಮೈಗೆ ಅಷ್ಟು ಹೊತ್ತು ನಿಲ್ಲಲು ಬಲ ಎಲ್ಲಿಂದ ಬಂತು? ನಮ್ಮ ಮೈ ತನ್ನ ಪೂರ್ತಿ ಬಲವನ್ನು ಎಂದೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಹುರಿಗಳು ಹರಿಯದಿರಲೆಂದು ಸ್ವಲ್ಪವನ್ನು ಒಳಗೆ ಹಿಡಿದಿಟ್ಟಿರುತ್ತದೆ. ಬಹಳ ದೊಡ್ಡ ಭಯ ಬಂದಾಗ ಆ ಹಿಡಿತ ಸಡಿಲುತ್ತದೆ. ಆದರೆ ಅದು ಪುಕ್ಕಟೆ ಬರುವುದಿಲ್ಲ. ಮರುದಿನದಿಂದ ಅಪ್ಪನಿಗೆ ಅಂಗಿ ತೊಡಲು ಕೈ ಮೇಲೆತ್ತಲಾಗಲಿಲ್ಲ. ಅವ್ವ ತೊಡಿಸುತ್ತಿದ್ದಳು. ಬಲ ಮಂಡಿ ಊದಿತು. ಎಷ್ಟು ಬಿಸಿನೀರು ಹಾಕಿದರೂ ಆ ಮಂಡಿ ಮೊದಲಿನಂತಾಗಲಿಲ್ಲ. ಕೊನೆಯವರೆಗೂ ಮೆಟ್ಟಿಲು ಹತ್ತುವಾಗ ಕಟಕಟ ಎನ್ನುತ್ತಿತ್ತು.

ನಡೆದಾಡುವಂತಾದ ಮೇಲೆ ಅಪ್ಪ ಮತ್ತೆ ಗಂಜಿಗೆ ಹೋದ. ಬಾಗಿಲಲ್ಲೇ ನಿಂತು ತಲೆಗೆ ತಾನೇ ವಸ್ತ್ರ ಬಿಗಿದುಕೊಂಡ. “ಎಲ್ಲಿ ಅದರೆಪ್ಪಾ ನನ್ನ ಕೂಸು?” ಎಂದ ಅಪ್ಪ. ಆಗ ಎಲ್ಲರೂ ನಕ್ಕರು.

ಹೊಟ್ಟು, ಶೇಂಗಾ, ತೊಗರಿ. ಈ ಸಲ ಅಪ್ಪ ಅವಸರ ಮಾಡಲಿಲ್ಲ. ಆದರೂ ಹೊಸ ಹುಡುಗರಿಗಿಂತ ಬೇಗ ಸರದಿ ದಾಟಿದ. ಒಮ್ಮೆ ಗಳಿಸಿದ ಬಲ ಮಲಗಿದಾಗ ಕರಗಿದರೂ ಸ್ನಾಯುವಿನೊಳಗೆ ಅದರ ಗುರುತು ಬಹಳ ಕಾಲ ಉಳಿದಿರುತ್ತದೆ, ಹಾಗಾಗಿ ಎರಡನೆಯ ಸಲ ಬೇಗ ಬರುತ್ತದೆ. ಚಾಚಾ ಇದನ್ನು ಬೇರೆ ರೀತಿ ಹೇಳುತ್ತಿದ್ದರು: “ಹಳೀ ಬಾವಿ ಅದ. ಹೂಳು ತುಂಬ್ಯಾದ ಅಷ್ಟ. ತೋಡೋದಲ್ಲ, ತಗಿಯೋದು.” ಮಳೆ ಬಿದ್ದು ಹೊಲಗಳಲ್ಲಿ ಬಿತ್ತನೆ ಮುಗಿಯುವ ಹೊತ್ತಿಗೆ ಅಪ್ಪ ಜೋಳದ ಚೀಲ ಹೊತ್ತು ಹಲಗೆ ಏರಿದ. ಲಾರಿಯಿಂದ ಇಳಿದಾಗ ಚಾಚಾ ಅವನ ತಲೆಯ ವಸ್ತ್ರ ಬಿಚ್ಚಿದರು. ಎಲ್ಲರಿಗೂ ಚುರಮುರಿ ಹಂಚಿದರು.

ನಾನು ಕಾಲೇಜಿನಿಂದ ರಜೆಗೆ ಬಂದಾಗ ಒಮ್ಮೆ ಅಪ್ಪನನ್ನು ಕೇಳಿದ್ದೆ, ಅಷ್ಟು ಹೊತ್ತು ಹೇಗೆ ನಿಂತಿ ಎಂದು. ಅಪ್ಪ ಬೀಡಿ ಆರಿಸಿ, “ಒಗಿಯಾಕ ಜಾಗಾ ಇರ್ಲಿಲ್ಲಲ್ಲೋ,” ಎಂದ. ಮತ್ತೆ ಆ ಮಾತು ಬರಲಿಲ್ಲ.

ಈಗ ನೀವು ಮಕ್ಕಳು ಶಹಾಪುರದಲ್ಲಿ ಜಿಮ್ಮಿಗೆ ಹೋಗುತ್ತೀರಿ. ಗೋಡೆ ತುಂಬ ಕನ್ನಡಿ, ಮೇಲೆ ಫ್ಯಾನು, ಹಾಡು. ಕಬ್ಬಿಣದ ಬಿಲ್ಲೆಗಳ ಮೇಲೆ ತೂಕ ಬರೆದಿರುತ್ತದೆ. ಎತ್ತಿದ್ದನ್ನು ಎತ್ತಿದ ಜಾಗದಲ್ಲೇ ಇಟ್ಟು ಬರುತ್ತೀರಿ. ಅಪ್ಪ ನೋಡಿದ್ದರೆ, ಇದನ್ನು ಎಲ್ಲಿಗೆ ಒಯ್ಯಬೇಕು ಎಂದು ಕೇಳುತ್ತಿದ್ದ. ಅವನು ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದು ಹೊರುತ್ತಿದ್ದ, ನಿಮ್ಮದು ಡಬ್ಬಿಯ ಪುಡಿ. ಅವನು ಹೊರದಿದ್ದರೆ ಮನೆಯ ಒಲೆ ಉರಿಯುತ್ತಿರಲಿಲ್ಲ. ನೀವು ಇಷ್ಟಪಟ್ಟು ಎತ್ತುತ್ತೀರಿ. ಮೈಗೆ ಮಾತ್ರ ಈ ವ್ಯತ್ಯಾಸ ಗೊತ್ತಿಲ್ಲ. ಅದು ಇಬ್ಬರಿಗೂ ಒಂದೇ ಸರದಿಯಲ್ಲಿ ಬಲ ಕೊಡುತ್ತದೆ, ಅವಸರ ಮಾಡಿದರೆ ಇಬ್ಬರಿಗೂ ಒಂದೇ ರೀತಿ ದಂಡ ಹಾಕುತ್ತದೆ.

ಹೋದ ತಿಂಗಳು ನಮ್ಮ ಮೊಮ್ಮಗಳು ಭಾರ ಎತ್ತುವುದನ್ನು ನೋಡಲು ಅವಳ ಕಾಲೇಜಿಗೆ ಹೋಗಿದ್ದೆ. ಅವಳು ಡೆಂಗಿಯಿಂದ ಎದ್ದವಳು. ಅವಳ ಕೋಚ್ ಮೊದಲು ಬರೀ ರಾಡು ಎತ್ತಿಸಿದ್ದಕ್ಕೆ ಮುನಿಸಿಕೊಂಡು ಮನೆಯಲ್ಲಿ ಎರಡು ದಿನ ಮಾತು ಬಿಟ್ಟಿದ್ದಳು. ಆ ದಿನ ಬಿಲ್ಲೆ ಹಾಕಲು ಒಪ್ಪಿಗೆ ಸಿಕ್ಕಿತ್ತು. ರಾಡು ಎದೆಗೆ ಬಂತು, ತಲೆಯ ಮೇಲೆ ಹೋಯಿತು, ಮೊಣಕೈ ನಡುಗಿತು. ಎಲ್ಲರೂ ಅವಳ ಕೈ ನೋಡುತ್ತಿದ್ದರು. ನಾನು ನೆಲ ನೋಡುತ್ತಿದ್ದೆ, ಎಡಕ್ಕೆ, ಬಲಕ್ಕೆ, ಅವಳ ಬೆನ್ನ ಹಿಂದೆ. ಅವಳು ರಾಡನ್ನು ಮುಂದಕ್ಕೆ ಬಿಟ್ಟು ಹಿಂದೆ ಸರಿದಳು. ಅದು ರಬ್ಬರ್ ಹಾಸಿನ ಮೇಲೆ ಬಿದ್ದು ಪುಟಿದು ನಿಂತಿತು. ಯಾರೂ ಅವಳನ್ನು ಗೇಲಿ ಮಾಡಲಿಲ್ಲ. ಅವಳು ಕೈ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದು, “ಯಾಕಜ್ಜ, ಹಿಂಗ್ಯಾಕ ಬೆವತೀದಿ? ಎತ್ತಾಕತ್ತಿದ್ದಾಕಿ ನಾ,” ಎಂದಳು.

ಆಗ ಅವಳ ಕೈಗೆ ನೀರಿನ ಬಾಟಲಿ ಕೊಟ್ಟೆ. ಅವಳು ಕೇಳಿದ್ದಕ್ಕೆ ಉತ್ತರ ಈಗ ಬರೆದಿದ್ದೇನೆ. ಕೈ ಸೋತರೆ ಬಿಟ್ಟುಬಿಡಿ ಮಕ್ಕಳೇ. ನಿಮಗೆ ಬಿಡಲು ಜಾಗವಿದೆ.